ಚೆಲುವಿಯ ಕೊರಳು, ಮಾವನ ಹೆಬ್ಬೆರಳು

ನನ್ನ ಮಾವನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಒಂದು ನರಹುಲಿ ಇತ್ತು. ಕಡಲೆಕಾಳಿನಷ್ಟು ದಪ್ಪ, ಮೈಯೆಲ್ಲ ಹಲಸಿನ ಸಿಪ್ಪೆಯ ಹಾಗೆ ಒರಟು. ಜಗುಲಿಯ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತು, ಬಲಗೈಯ ತೋರುಬೆರಳಿನಿಂದ ಅದನ್ನು ಮೆಲ್ಲಗೆ ತಿಕ್ಕಲು ಶುರುಮಾಡಿದರೆಂದರೆ ಏನೋ ಒಂದು ದೊಡ್ಡ ಮಾತು ಹೊರಬೀಳಲಿದೆ ಎಂದು ಮನೆಯವರಿಗೆಲ್ಲ ಗೊತ್ತಾಗುತ್ತಿತ್ತು. ಅವರು ಯೋಚನೆ ಮಾಡುವ ರೀತಿಯೇ ಅದು ಎಂದು ನಾನು ಬಹಳ ಕಾಲ ನಂಬಿದ್ದೆ. ಕೆಲವರು ತಲೆ ಕೆರೆದುಕೊಳ್ಳುತ್ತಾರೆ, ಕೆಲವರು ಮೀಸೆ ತಿರುವುತ್ತಾರೆ, ನನ್ನ ಮಾವ ನರಹುಲಿ ತಿಕ್ಕುತ್ತಾರೆ, ಅಷ್ಟೇ ಎಂದುಕೊಂಡಿದ್ದೆ.

ಆ ನರಹುಲಿಯ ಬಗ್ಗೆಯೇ ಅವರ ಹತ್ತಿರ ಬೇಕಾದಷ್ಟು ಕತೆಗಳಿದ್ದವು. ಒಂದು ದಿನ ಅದು ಕಾಳಿ ಹೊಳೆಯ ಮೊಸಳೆ ಕಚ್ಚಿ ಬಿಟ್ಟ ಗುರುತು. ಇನ್ನೊಂದು ದಿನ ಅವರ ಅಜ್ಜ ಸಾಯುವಾಗ ಮೊಮ್ಮಗನಿಗೆ ಬಿಟ್ಟುಹೋದ ಆಸ್ತಿ. ಮಳೆ ಬರುವ ಮುಂಚೆ ಅದು ತುರಿಸುತ್ತದೆ ಎಂದೂ ಹೇಳುತ್ತಿದ್ದರು. ತುರಿಸಿದ ಮಾರನೆಯ ದಿನ ರಣಬಿಸಿಲು ಬಿದ್ದರೆ ಮುಖ ಸಣ್ಣ ಮಾಡಿಕೊಳ್ಳುವವರೇ ಅಲ್ಲ. "ಮಳೆ ಬಂತು ಬಾಯ, ಗೋವೆಯ ಬದಿಗೆ ಬಂತು. ಇಲ್ಲಿಗೆ ಬರೂಕೆ ಅದ್ಕೆ ಪುರಸೊತ್ತು ಆಗ್ಲಿಲ್ಲ" ಎನ್ನುತ್ತಿದ್ದರು.

ಬಾಯ ಎಂದರೆ ನಾನು, ಕೊಂಕಣಿಯವರು ಹೆಣ್ಣುಮಗಳನ್ನು ಅಕ್ಕರೆಯಿಂದ ಕರೆಯುವ ಮಾತು ಅದು. ಹಣಕೋಣದ ಆ ಮನೆಯಲ್ಲಿ ಎಲ್ಲರ ಬಾಯಲ್ಲೂ ಕೊಂಕಣಿ. ನನ್ನದು ಅಂಕೋಲೆಯ ಕಡೆಯ ಹಳ್ಳಿ, ಕನ್ನಡ ಬಿಟ್ಟರೆ ಬೇರೆ ಗೊತ್ತಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಒಂದು ಹೇಳಿದರೆ ನಾನು ಇನ್ನೊಂದು ಮಾಡುತ್ತಿದ್ದೆ. ನಮ್ಮ ಮನೆಯವರು, ಅಂದರೆ ನನ್ನ ಗಂಡ, ಬೆಳಕು ಹರಿಯುವ ಮೊದಲೇ ಕಾರವಾರದ ಬಂದರಿಗೆ ಮರದ ಕೆಲಸಕ್ಕೆ ಹೋಗಿಬಿಡುವವರು. ಮೊದಲೇ ಮಾತು ಕಡಿಮೆ. ಮಾವ ಮಾತ್ರ ಹರೆಯದಲ್ಲಿ ಎತ್ತು ಕೊಳ್ಳಲು ಅಂಕೋಲೆಯ ಹಳ್ಳಿಗಳನ್ನೆಲ್ಲ ತಿರುಗಿದ್ದರಿಂದ ನಮ್ಮ ಕನ್ನಡ ಬಲ್ಲವರು. ಮನೆಯಲ್ಲಿ ನನ್ನೊಬ್ಬಳ ಹತ್ತಿರ ಮಾತ್ರ ಬೇಕೆಂದೇ ಕನ್ನಡ ಆಡುತ್ತಿದ್ದರು. ಆ ಎರಡು ಮಾತಿಗಾಗಿ ನಾನು ದಿನವಿಡೀ ಕಾಯುತ್ತಿದ್ದೆ ಎಂದರೆ ಈಗಿನವರಿಗೆ ತಮಾಷೆ ಎನಿಸಬಹುದು.

ಉಪ್ಪಿನ ಚಳವಳಿಯ ಗಲಾಟೆ ತಣ್ಣಗಾಗಿದ್ದ ವರ್ಷಗಳು ಅವು. ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಹೆಚ್ಚಾದರೆ ಮಾವ, "ಅಂಕೋಲೆಯವ್ರು ಉಪ್ಪಿಗೆ ಜೈಲು ಕಂಡವ್ರು, ಕೈ ಸ್ವಲ್ಪ ದೊಡ್ಡದೇ" ಎಂದು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು. ಅತ್ತೆ ನನ್ನನ್ನು ಬೈಯಲು ಬಾಯಿ ತೆರೆಯುವುದರೊಳಗೆ ಅವರ ಎಲೆ ಖಾಲಿಯಾಗಿರುತ್ತಿತ್ತು.

ಹೆಣ್ಣಿನ ಜೊತೆ ಬಳುವಳಿಯಾಗಿ ಒಂದು ಕರು ಕಳಿಸುವುದು ನನ್ನ ತವರಿನ ಪದ್ಧತಿ. ನನ್ನ ಅಪ್ಪ ಕೊಟ್ಟಿದ್ದು ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಕಂದು ಬಣ್ಣದ ಹೆಣ್ಣುಕರು. ಕೋಡಿಬಾಗದ ದಡದಿಂದ ತಾರಿ ದೋಣಿಯಲ್ಲಿ ಅದನ್ನು ಕಾಳಿ ಹೊಳೆ ದಾಟಿಸುವಾಗ ಅದೂ ಹೆದರಿ ಕೂಗಿತು, ಸೆರಗಿನೊಳಗೆ ನಾನೂ ಕಣ್ಣೀರು ಹಾಕಿದೆ. ಆಚೆ ದಡದಲ್ಲಿ, ಸದಾಶಿವಗಡದ ಕೆಳಗೆ, ಮಾವ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ದಿಬ್ಬಣದವರಲ್ಲಿ ಯಾರನ್ನೂ ಮಾತಾಡಿಸದೆ ಮೊಣಕಾಲುದ್ದ ನೀರಿಗಿಳಿದು ಕರುವಿನ ಕಿವಿ ಹಿಡಿದು, "ಬಾರೇ ಚೆಲುವಿ, ನಿನ್ನ ದಾರಿನೇ ಕಾಯ್ತಾ ಇದ್ದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಬಾ ಬಾಯ, ನಿಂಗೂ ಜಾಗ ಅದೆ" ಎಂದರು. ಅಳುತ್ತಿದ್ದವಳು ನಕ್ಕುಬಿಟ್ಟೆ. ಕರುವಿಗೆ ಹೆಸರೂ ಅಲ್ಲಿಯೇ ಆಯಿತು.

ಮನೆಯ ಬಾಗಿಲಲ್ಲಿ ಅತ್ತೆ ನನಗೆ ಆರತಿ ಎತ್ತಿದರು. ಆಮೇಲೆ ಒಳಗೆ ಹೋಗಿ ಒಂದು ಕವಡೆಪಟ್ಟಿ ತಂದು ಚೆಲುವಿಯ ಕೊರಳಿಗೆ ಕಟ್ಟಿದರು. ಕಪ್ಪು ಉಣ್ಣೆಯನ್ನೂ ತೆಂಗಿನ ನಾರನ್ನೂ ಸೇರಿಸಿ ಹೊಸೆದು, ಸಾಲಾಗಿ ಕವಡೆ ಹೊಲಿದು, ನಡುವೆ ಒಂದು ಹಿತ್ತಾಳೆಯ ಗೆಜ್ಜೆ ಕಟ್ಟಿದ ಪಟ್ಟಿ ಅದು. ಅತ್ತೆಯ ತಾಯಿ ಅಸ್ನೋಟಿಯಲ್ಲಿ ಕೂತು ತಮ್ಮ ಕೈಯಿಂದ ಮಾಡಿ ಮಗಳ ಮದುವೆಯಲ್ಲಿ ಕೊಟ್ಟದ್ದು. ಕೆಟ್ಟ ಕಣ್ಣು ತಾಗದಿರಲಿ ಎಂದು ಆ ಮನೆಯ ಕೊಟ್ಟಿಗೆಯಲ್ಲಿ ಹುಟ್ಟಿದ ಪ್ರತಿ ಕರುವೂ ಅದನ್ನು ಕಟ್ಟಿಕೊಂಡು ಬೆಳೆದದ್ದು. ಒಂದು ಕರು ದೊಡ್ಡದಾಯಿತೆಂದರೆ ಬಿಚ್ಚಿ ಮುಂದಿನದಕ್ಕೆ ಕಟ್ಟುವುದು. ಹೊರಗಿನಿಂದ ಬಂದ ಕರುವಿಗೆ ಅತ್ತೆ ಅದನ್ನು ಕಟ್ಟಿದ್ದು ಅದೇ ಮೊದಲಂತೆ. ನನ್ನನ್ನು ಮನೆಗೆ ಸೇರಿಸಿಕೊಂಡರು ಎಂಬುದಕ್ಕೆ ಅದಕ್ಕಿಂತ ದೊಡ್ಡ ಮಾತು ಬೇಕಿರಲಿಲ್ಲ. ನನಗೆ ಕೊಂಕಣಿ ಬಾರದಿದ್ದರೂ ಅಷ್ಟು ಅರ್ಥವಾಯಿತು.

ಮಳೆಗಾಲದ ನಡುವೆ ಚೆಲುವಿಯ ಕೊರಳಲ್ಲಿ ನರಹುಲಿ ಕಾಣಿಸಿಕೊಂಡಿತು. ಮೊದಲು ಸಾಸಿವೆಯಷ್ಟು, ಆಮೇಲೆ ಮೆಣಸಿನಷ್ಟು, ನೋಡುನೋಡುತ್ತ ಗೊಂಚಲು. ಆ ಹೊತ್ತಿಗೆ ಮನೆಯ ಕೆಂಪಿ ಹಸು ಈದು ಒಂದು ಗಂಡುಕರು ಹಾಕಿತ್ತು. ಅತ್ತೆ ಕವಡೆಪಟ್ಟಿಯನ್ನು ಚೆಲುವಿಯ ಕೊರಳಿನಿಂದ ಬಿಚ್ಚಿ ಅದಕ್ಕೆ ಕಟ್ಟಿದ್ದರು. ನವರಾತ್ರಿ ಕಳೆಯುವ ಹೊತ್ತಿಗೆ ಆ ಎಳೆಗರುವಿಗೂ ಕೊರಳ ಸುತ್ತ ಗುಳ್ಳೆ ಎದ್ದಿತು. ಅಷ್ಟರಲ್ಲಿ ಚೆಲುವಿಯದು ಮುಖಕ್ಕೇರಿ ಒಂದು ದೊಡ್ಡದು ಬಲಗಣ್ಣಿನ ರೆಪ್ಪೆಯ ಮೇಲೇ ಕೂತಿತ್ತು.

ಆಗ ಮಾತು ಶುರುವಾಯಿತು. ಅಂಕೋಲೆಯ ಕರು ರೋಗ ತಂದಿತು ಎಂದು ಆಚೆಮನೆಯ ಅಕ್ಕ ಬಾವಿಕಟ್ಟೆಯಲ್ಲಿ ಹೇಳಿದಳು. ಬಾವಿಕಟ್ಟೆಯಲ್ಲಿ ಹೇಳಿದ ಮಾತು ಊರೆಲ್ಲ ಸುತ್ತದೆ ಇರುತ್ತದೆಯೇ? ಅತ್ತೆ ಸುಣ್ಣ ಮತ್ತು ಸೋಡಾ ಕಲಸಿ ಹಚ್ಚಿದರು. ಪಪ್ಪಾಯಿಯ ಹಾಲು ಹಚ್ಚಿದರು. ಯಾರೋ ಹೇಳಿದರೆಂದು ಕುದುರೆ ಬಾಲದ ಕೂದಲು ತರಿಸಿ ದೊಡ್ಡ ನರಹುಲಿಗಳ ಬುಡಕ್ಕೆ ಬಿಗಿದು ಕಟ್ಟಿದರು. ಚೆಲುವಿ ಕೊಟ್ಟಿಗೆಯ ಗೋಡೆಗೆ ಕೊರಳು ಉಜ್ಜಿ ಆ ಕೂದಲನ್ನೆಲ್ಲ ಕಿತ್ತುಕೊಂಡಿತು, ಜೊತೆಗೆ ಎರಡು ಕಡೆ ರಕ್ತವನ್ನೂ ಬರಿಸಿಕೊಂಡಿತು. ಕಡೆಗೆ ಆಚೆಮನೆಯ ಅಕ್ಕ ಒಂದು ತೆಂಗಿನ ಗೆರಟೆಯ ತುಂಬ ಗೇರುಬೀಜದ ಸಿಪ್ಪೆಯ ಎಣ್ಣೆ ತಂದಳು. ದೋಣಿಗೆ ಹುಳ ಹಿಡಿಯದ ಹಾಗೆ ಬಳಿಯುವ ಎಣ್ಣೆ ಅದು, ಕೈಗೆ ತಾಗಿದರೆ ಚರ್ಮ ಸುಟ್ಟು ಏಳುತ್ತದೆ. ಅದನ್ನು ಕಣ್ಣಿನ ರೆಪ್ಪೆಗೆ ಹಚ್ಚಿದರೆ ಕರುವಿನ ಗತಿ ಏನು?

ಮಾವ ಜಗುಲಿಯಿಂದ ಇಳಿದು ಬಂದು ಗೆರಟೆಯನ್ನು ಆಕೆಯ ಕೈಯಿಂದ ತೆಗೆದುಕೊಂಡರು. "ಒಳ್ಳೇದೇ ಆತು, ನಮ್ಮ ದೋಣಿಗೆ ಬಳೀಬೇಕು ಹೇಳಿ ಮಾಡ್ತಾ ಇದ್ದೆ" ಎಂದು ಹೆಬ್ಬೆರಳು ತಿಕ್ಕುತ್ತ ಒಳಗೆ ಹೋದರು. ನಮಗೆ ದೋಣಿಯೇ ಇರಲಿಲ್ಲ. ಆ ಗೆರಟೆ ಬಹಳ ದಿನ ಅಟ್ಟದ ಮೇಲೆ ಇತ್ತು.

ದೀಪಾವಳಿ ಹತ್ತಿರ ಬಂತು. ಗೋಪೂಜೆಯ ದಿನ ದನಕರುಗಳಿಗೆ ಮೈ ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಕಡುಬು ತಿನ್ನಿಸುವುದು ಅತ್ತೆಗೆ ವರ್ಷದ ದೊಡ್ಡ ಹಬ್ಬ. ಆ ದಿನ ನೆಂಟರಿಷ್ಟರೆಲ್ಲ ಕೊಟ್ಟಿಗೆಗೆ ಬರುತ್ತಾರೆ. ಒಂದು ಸಂಜೆ ಅತ್ತೆ ಅಕ್ಕಿ ಆರಿಸುತ್ತ, ನನ್ನ ಮುಖ ನೋಡದೆ ಹೇಳಿದರು. ಅವರು ಆಡಿದ್ದು ಕೊಂಕಣಿಯಲ್ಲಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಹಬ್ಬದ ಒಳಗೆ ಆ ಕರು ಅಂಕೋಲೆಗೆ ಹೋಗ್ಲಿ. ಉಳಿದ ಕರುಗಳ ಜೀವಕ್ಕೆ ನಾ ಜವಾಬ್ದಾರಿ. ವಾಸಿ ಆದ್ಮೇಲೆ ನಿನ್ನ ಅಪ್ಪ ಬೇಕಾದ್ರೆ ಮತ್ತೆ ಕಳಿಸ್ಲಿ."

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ನಮ್ಮ ಕಡೆ ಬಳುವಳಿಯ ಕರು ತಿರುಗಿ ತವರಿಗೆ ಬಂತೆಂದರೆ ಅದರ ಹಿಂದೆಯೇ ಹೆಣ್ಣೂ ಬಂದಳು ಎಂದು ಜನ ದಾರಿ ನೋಡುತ್ತಾರೆ. ಅಪ್ಪನ ಮನೆಯ ಅಂಗಳದಲ್ಲಿ ಚೆಲುವಿ ನಿಂತ ಹಾಗೆ, ಅಕ್ಕಪಕ್ಕದವರು ಬೇಲಿಯಾಚೆಯಿಂದ ಇಣುಕಿದ ಹಾಗೆ ಕಣ್ಣಿಗೆ ಕಟ್ಟಿತು. ಹಿತ್ತಿಲಿಗೆ ಹೋಗಿ ಬಾವಿಯ ಪಕ್ಕ ಕೂತು ಕಣ್ಣೀರು ಹಾಕಿದೆ. ಮಾವ ಕಾಲು ತೊಳೆಯುವ ನೆಪದಲ್ಲಿ ಬಂದರು.

"ಕರು ಕಳಿಸೂಕೆ ಗಾಡಿ ಕಟ್ಟಬೇಕಲ್ಲ. ಗಾಡಿಯ ಗಾಲಿ ಮುರ್ದದೆ" ಎಂದರು.

"ಯಾವಾಗ ಮುರೀತು?" ಎಂದೆ ಮೂಗು ಒರೆಸಿಕೊಳ್ಳುತ್ತ.

"ನಾಳೆ ಮುರೀತದೆ" ಎಂದರು.

ಗಾಲಿ ಮುರಿಯುವ ಪ್ರಸಂಗ ಬರಲಿಲ್ಲ. ಮರುದಿನ ಬೆಳಿಗ್ಗೆ ಪೇಜ ಎನ್ನುವ ಗಂಜಿ ಉಂಡು ಎದ್ದವರೇ, ಕಳಿಸುವ ಮೊದಲು ಒಮ್ಮೆ ಕಾರವಾರದ ದನದ ದವಾಖಾನೆಗೆ ತೋರಿಸಿ ಬರುತ್ತೇನೆ, ಕರು ನನ್ನ ಮಾತು ಕೇಳುವುದಿಲ್ಲ, ಹಿಡಿದುಕೊಳ್ಳಲು ಬಾಯ ಬರಲಿ ಎಂದರು. ಅತ್ತೆ ಬೇಡ ಎನ್ನಲಿಲ್ಲ. ದಾರಿಗೆ ಅವಲಕ್ಕಿಯನ್ನೂ ಕಟ್ಟಿಕೊಟ್ಟರು.

ಸದಾಶಿವಗಡದ ತಾರಿಯಲ್ಲಿ ಮೀನು ಬುಟ್ಟಿಯ ಹೆಂಗಸರು ಚೆಲುವಿಯ ಮುಖ ನೋಡಿ ದೋಣಿಯ ಇನ್ನೊಂದು ತುದಿಗೆ ಸರಿದರು. ಸಿಡುಬೇ ಎಂದು ಒಬ್ಬಳು ಕೇಳಿದಳು. "ಸಿಡುಬಲ್ಲ, ಮುತ್ತು. ಅಂಕೋಲೆ ಬದಿ ಕರುಗಳಿಗೆ ಚಿಕ್ಕಂದಿನಲ್ಲೇ ಮುತ್ತು ಬತ್ತದೆ" ಎಂದು ಮಾವ ಗಂಭೀರವಾಗಿ ಹೇಳಿ ಹೆಬ್ಬೆರಳು ತಿಕ್ಕಿದರು. ಆ ಹೆಂಗಸು ನಂಬಿದಳೋ ಇಲ್ಲವೋ, ಹೊಳೆ ದಾಟುವವರೆಗೆ ಚೆಲುವಿಯನ್ನೇ ನೋಡುತ್ತಿದ್ದಳು.

ದವಾಖಾನೆಯ ಡಾಕ್ಟರು ಇನ್ನೂ ಮೀಸೆ ಸರಿಯಾಗಿ ಚಿಗುರದ ಹುಡುಗ, ಧಾರವಾಡದ ಕಡೆಯವರು. ಚೆಲುವಿಯ ಕತ್ತು ಎತ್ತಿ, ಬೆರಳಿಂದ ನರಹುಲಿಗಳನ್ನು ಸರಿಸಿ ಸರಿಸಿ ನೋಡಿದರು. "ಜೀವಕ್ಕೇನೂ ಭಯ ಇಲ್ರಿ" ಎಂದರು. "ಎಳೀ ಕರುಗೋಳಿಗೆ ಇದು ಬರತೈತಿ. ನಾಕೈದು ತಿಂಗಳದಾಗ ತಾನಾಗೇ ಒಣಗಿ ಉದರತಾವ. ಎಣ್ಣಿ-ಗಿಣ್ಣಿ ಹಚ್ಚಿ ಕಣ್ಣು ಕಳೀಬ್ಯಾಡ್ರಿ. ಆದ್ರ ಒಂದರಿಂದ ಇನ್ನೊಂದಕ್ಕ ಹತ್ತತೈತಿ, ನೋಡ್ರಿ." ಆಮೇಲೆ ಕೊರಳ ಸುತ್ತ ಬೆರಳಾಡಿಸಿದರು. "ಇಲ್ಲಿ ಸರ ಹಾಕಿದಂಗ ಸಾಲಾಗಿ ಎದ್ದಾವಲ್ಲ, ಇದರ ಕೊಳ್ಳಾಗ ಏನ್ ಕಟ್ಟಿದ್ರಿ?"

ಮಾವ ಕವಡೆಪಟ್ಟಿಯ ವಿಷಯ ಹೇಳಿದರು. ಈಗ ಅದು ಯಾರ ಕೊರಳಲ್ಲಿದೆ, ಇದಕ್ಕಿಂತ ಮುಂಚೆ ಯಾರ ಕೊರಳಲ್ಲಿತ್ತು ಎಂದು ಡಾಕ್ಟರು ಕೇಳಿದರು. ಮಾವ ನೆನಪು ಮಾಡಿಕೊಂಡು ಹೇಳಿದರು. ಹಿಂದಿನ ವರ್ಷ ಅದು ಕೆಂಪಿಯ ಮೊದಲನೆಯ ಕರುವಿನ ಕೊರಳಲ್ಲಿತ್ತು. ಅದಕ್ಕೂ ಗಂಗೆದೊಗಲಿನ ಕೆಳಗೆ ಗಂಟುಗಳೆದ್ದಿದ್ದವು. ಉಣ್ಣಿ ಹುಳ ಕಚ್ಚಿದ ಗಂಟು ಎಂದು ಯಾರೂ ಲಕ್ಷ್ಯ ಕೊಡಲಿಲ್ಲ, ಅವು ತಾವಾಗಿಯೇ ಹೋಗಿದ್ದವು.

"ಹಂಗಾದ್ರ ನಿಮ್ಮ ಮನ್ಯಾಗಿನ ಪಟ್ಟೀನೇ ಇದಕ್ಕ ಹತ್ತಿಸೇತ್ರಿ. ಅದನ್ನ ಮೊದಲ ಸುಟ್ಟು ಬಿಡ್ರಿ" ಎಂದು ಡಾಕ್ಟರು ಕೈ ತೊಳೆಯಲು ಎದ್ದರು.

ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕೋಡಿಬಾಗದವರೆಗೆ ನಾನು ನಡೆದೆನೋ ಹಾರಿದೆನೋ. ನನ್ನ ಕರು ರೋಗ ತರಲಿಲ್ಲ, ಈ ಮನೆಯೇ ನನ್ನ ಕರುವಿಗೆ ರೋಗ ಕೊಟ್ಟಿತು! ಬಾವಿಕಟ್ಟೆಯಲ್ಲಿ ನಿಂತು ಏನು ಹೇಳಬೇಕು, ಯಾವ ಮಾತನ್ನು ಮೊದಲು ಹೇಳಬೇಕು, ಎಲ್ಲ ಮನಸ್ಸಿನಲ್ಲೇ ಸಿದ್ಧವಾಯಿತು. ಕೊಂಕಣಿ ಬರದಿದ್ದರೇನು, ಅದೊಂದು ಮಾತಿಗೆ ಸಾಕಾಗುವಷ್ಟು ಬರುತ್ತಿತ್ತು. ತಾರಿ ಆಚೆ ದಡದಲ್ಲಿತ್ತು. ಮರಳಿನ ಮೇಲೆ ಕೂತು ಅವಲಕ್ಕಿಯ ಗಂಟು ಬಿಚ್ಚಿದೆವು.

"ಮನೆಗೆ ಹೋದ ಕೂಡ್ಲೇ ಅತ್ತೆಗೆ ಹೇಳ್ತೆ" ಎಂದೆ.

"ಹೇಳು. ನಾ ತಡೂದಿಲ್ಲ" ಎಂದರು ಮಾವ. ಚೆಲುವಿಗೆ ಒಂದು ಹಿಡಿ ಅವಲಕ್ಕಿ ತಿನ್ನಿಸಿದರು. "ಹೇಳಿದ್ಮೇಲೆ ನಿನ್ನ ಅತ್ತೆ ಆ ಪಟ್ಟಿ ಎಲ್ಲಿ ಇಟ್ಕಳ್ಳಬೇಕು, ಅದನ್ನೂ ನೀನೇ ಹೇಳಿಬಿಡು."

ನಾನು ಗಂಟಿನೊಳಗಿನ ಅವಲಕ್ಕಿಯನ್ನು ಬೆರಳಿಂದ ಕೆದಕಿದೆ.

"ಅವಳ ಅವ್ವಿ ಕಣ್ಣು ಮಂಜಾದ್ಮೇಲೆ ಕೈಯಲ್ಲೇ ಮುಟ್ಟಿ ಮುಟ್ಟಿ ಹೊಸೆದ ಪಟ್ಟಿ ಅದು. ಅವ್ವಿಯದು ಹೇಳಿ ಅವಳ ಹತ್ರ ಉಳಿದದ್ದು ಅದೊಂದೇ. ಇಷ್ಟು ವರ್ಷ ಕಾಪಾಡ್ತದೆ ಹೇಳಿ ಕಟ್ಟಿದ್ದು ರೋಗ ಹಚ್ತಿತ್ತು ಅಂದ್ರೆ ಅವಳಿಗೆ ಹ್ಯಾಂಗೆ ಆತದೆ? ನಾಳೆ ನೀ ಗೆಲ್ತಿ, ಅವಳು ಸೋಲ್ತಳು. ಮತ್ತೆ ಇಬ್ರೂ ಅದೇ ಒಲೆ ಮುಂದೆ ಕೂಕಂಡು ಅನ್ನ ಬೇಯಿಸೂದು. ನಾ ಅದನ್ನ ಉಣ್ಣೂದು." ಕಡೆಯ ಮಾತಿಗೆ ತಾವೇ ನಕ್ಕರು. ನಾನು ನಗಲಿಲ್ಲ.

"ಹಾಂಗಾದ್ರೆ ನನ್ನ ಕರು ಸುಮ್ನೆ ಹೆಸ್ರು ಕೆಡಿಸ್ಕಳ್ಳಬೇಕಾ ಮಾವ?" ಎಂದೆ.

"ನಿನ್ನ ಕರು ಎಲ್ಲೂ ಹೋಗೂದಿಲ್ಲ. ಅದು ನನ್ನ ಮಾತು. ಆದ್ರೆ ಹ್ಯಾಂಗೆ ಅಂತ ಕೇಳಬೇಡ, ತಾರಿ ಬಪ್ಪುದ್ರೊಳಗೆ ನಾ ಯೋಚನೆ ಮಾಡಬೇಕು" ಎಂದು ಹೊಳೆಯ ಕಡೆ ನೋಡುತ್ತ ಕೂತರು. ಆಗ ಅವರ ಕೈ ಸುಮ್ಮನೆ ತೊಡೆಯ ಮೇಲೆ ಇತ್ತು.

ಮನೆಗೆ ಬಂದು ಜಗುಲಿಯ ಕಂಬಕ್ಕೆ ಒರಗಿದವರು ಅತ್ತೆಯನ್ನು ಕರೆದರು. ನನ್ನನ್ನೂ ಬಾಗಿಲ ಹತ್ತಿರ ನಿಲ್ಲಿಸಿಕೊಂಡರು. ತಾರಿಯಲ್ಲಿ ಗೋವೆಯ ಬದಿಯ ಒಬ್ಬ ಮುದುಕ ಸಿಕ್ಕಿದ್ದನಂತೆ, ಎದೆಯವರೆಗೆ ಬಿಳಿ ಗಡ್ಡವಂತೆ. ಮನುಷ್ಯರಿಗೆ ನರಹುಲಿ ಆದರೆ ದೇವರಿಗೆ ಉಪ್ಪು ಕೊಡುವುದು ಎಲ್ಲರಿಗೂ ಗೊತ್ತು. ಆದರೆ ಕರುವಿಗೆ ಆದರೆ ಉಪ್ಪು ನಡೆಯುವುದಿಲ್ಲವಂತೆ. ಕರು ಕೊರಳಿಗೆ ಏನು ಕಟ್ಟಿಕೊಂಡಿತ್ತೋ ಅದನ್ನು, ಕಟ್ಟಿದವರೇ ತಮ್ಮ ಕೈಯಿಂದ ಕಾಳಿ ಹೊಳೆಗೆ ಬಿಡಬೇಕಂತೆ. ಬಿಟ್ಟ ಮೇಲೆ ಕರುವನ್ನು ಫಲ ಬರುವವರೆಗೂ ಮನೆಯ ಗಡಿ ದಾಟಿಸಬಾರದಂತೆ, ದಾಟಿಸಿದರೆ ಹರಕೆ ಮುರಿಯುತ್ತದಂತೆ. ಇಷ್ಟನ್ನೂ ಹೇಳುವಾಗ ಮಾವ ಆ ಹೆಬ್ಬೆರಳನ್ನು ತಿಕ್ಕಿದ ರೀತಿ ನೋಡಿ ಎಲ್ಲಿ ರಕ್ತ ಬರುತ್ತದೋ ಎಂದು ನನಗೆ ಭಯವಾಯಿತು.

"ಮುದುಕನ ಹೆಸ್ರು?" ಎಂದರು ಅತ್ತೆ.

"ಕೇಳ್ಳಿಲ್ಲ."

"ಊರು?"

"ಹೇಳ್ಳಿಲ್ಲ."

ಅತ್ತೆ ನನ್ನ ಕಡೆ ತಿರುಗಿದರು. "ನೀನೂ ಕೇಳಿದ್ಯಾ ಅಂವ ಹೇಳಿದ್ದು?"

ನನ್ನ ನಾಲಿಗೆಯ ತುದಿಯಲ್ಲಿ ಬೇರೆಯೇ ಮಾತಿತ್ತು. ಬೆಳಗಿನಿಂದ ಕಾದಿಟ್ಟ ಮಾತು. ಮಾವ ನನ್ನ ಕಡೆ ನೋಡಲಿಲ್ಲ, ಅಂಗಳದ ತುಳಸಿಯನ್ನು ನೋಡುತ್ತಿದ್ದರು. "ಹೌದು, ಕೇಳಿದೆ" ಎಂದೆ. ಆ ಮನೆಗೆ ಬಂದ ಮೇಲೆ ತಪ್ಪಿಲ್ಲದ ಕೊಂಕಣಿಯಲ್ಲಿ ನಾನಾಡಿದ ಮೊದಲ ಮಾತು ಅದು.

ಅತ್ತೆ ಮತ್ತೇನೂ ಕೇಳಲಿಲ್ಲ. ಮರುದಿನ ಮಿಂದು, ಮಡಿಯುಟ್ಟು, ಎಳೆಗರುವಿನ ಕೊರಳಿನಿಂದ ಪಟ್ಟಿ ಬಿಚ್ಚಿ ಬಾಳೆಯೆಲೆಯಲ್ಲಿ ಇಟ್ಟುಕೊಂಡು ಹೊಳೆಗೆ ನಡೆದರು. ನಾವಿಬ್ಬರೂ ಹಿಂದೆ ಹೋದೆವು. ನೀರಿನಲ್ಲಿ ನಿಂತು ಅವರು ಆ ಕವಡೆಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಆಮೇಲೆ ಬಗ್ಗಿ ಬಿಟ್ಟರು. ಗೆಜ್ಜೆಯ ಭಾರಕ್ಕೆ ಅದು ಅಲ್ಲೇ ಮುಳುಗಿತು. ಅವರು ದಡಕ್ಕೆ ಬಂದಾಗ ಮಾವ ತಮ್ಮ ಕಂಬಳಿ ತೆಗೆದು ಅವರ ಹೆಗಲಿಗೆ ಹೊದಿಸಿದರು. ಬಿಸಿಲು ಚುರುಗುಟ್ಟುತ್ತಿತ್ತು, ಕಂಬಳಿ ಬೇಕಾಗಿಯೇ ಇರಲಿಲ್ಲ. ಅತ್ತೆ ಅದನ್ನು ಮನೆಯವರೆಗೆ ಹೊದ್ದುಕೊಂಡೇ ಬಂದರು.

ಗೋಪೂಜೆಯ ದಿನ ಮಾವ ಚೆಲುವಿಗೆಂದೇ ಚೆಂಡುಹೂವಿನ ಒಂದು ಮಾಲೆ ಮಾಡಿದರು, ಎತ್ತಿಗೂ ಅಷ್ಟು ದೊಡ್ಡದು ಹಾಕುವುದಿಲ್ಲ. ಕೊರಳೂ ಕಾಣಲಿಲ್ಲ, ಮುಖವೂ ಅರ್ಧ ಕಾಣಲಿಲ್ಲ. ಪೂಜೆ ಮುಗಿಯುವುದರೊಳಗೆ ಅರ್ಧ ಮಾಲೆಯನ್ನು ಚೆಲುವಿ ತಾನೇ ತಿಂದುಹಾಕಿತು. ನೆಂಟರು ನಕ್ಕರು, ಅತ್ತೆಯೂ ನಕ್ಕರು.

ಆದರೆ ನರಹುಲಿ ಎಲ್ಲಿ ಹೋಗುತ್ತದೆ? ಹರಕೆ ಕೊಟ್ಟ ಮೇಲೆ ಮೊದಲು ಇನ್ನೂ ಹೆಚ್ಚಾಯಿತು. ಕಣ್ಣಿನ ಮೇಲಿನದು ಬೆಳೆದು ರೆಪ್ಪೆ ಇಳಿಯಿತು. ಮಾವ ದಿನ ಬೆಳಗಾದರೆ ಕೊಟ್ಟಿಗೆಗೆ ಹೋಗಿ ಚೆಲುವಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಬೀಳ್ರೋ, ನನ್ನ ಮರ್ಯಾದೆ ಉಳಿಸ್ರೋ" ಎಂದು ನರಹುಲಿಗಳನ್ನೇ ಬೇಡಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಡಾಕ್ಟರು ಹೇಳಿದ್ದು ಸುಳ್ಳಾದರೆ? ಕರುವೂ ಹೋಯಿತು, ಅತ್ತೆಯ ಪಟ್ಟಿಯೂ ಹೋಯಿತು. ನನಗಿಂತ ಹೆಚ್ಚು ಅವರೇ ಹೆದರಿದ್ದರು. ಅಷ್ಟು ದಿನ ಒಂದು ಕತೆಯನ್ನೂ ಹೇಳಲಿಲ್ಲ.

ಹೋಳಿಯ ಹೊತ್ತಿನ ಸುಗ್ಗಿ ಹಬ್ಬಕ್ಕೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ಕೊಟ್ಟಿಗೆಯಿಂದ, "ಬಾಯ! ಬಾಯ!" ಎಂದು ಪಿಸುಗುಡುವ ಸ್ವರ ಕೇಳಿತು. ಓಡಿದೆ. ಮಾವನ ಅಂಗೈಯಲ್ಲಿ ಒಣಗಿದ ಒಂದು ನರಹುಲಿ ಇತ್ತು. ದೇವರ ಪ್ರಸಾದ ಹಿಡಿದ ಹಾಗೆ ಹಿಡಿದುಕೊಂಡಿದ್ದರು. ಆಮೇಲೆ ಅವು ಉದುರಿದ್ದೇ ಉದುರಿದ್ದು. ಎಳೆಗರುವಿನದೂ ಹೋಯಿತು. ಚೆಲುವಿಯ ಕಣ್ಣು ಪೂರ್ತಿ ತೆರೆದ ದಿನ ಅತ್ತೆ ಅದರ ಹಣೆಗೆ ಕುಂಕುಮವಿಟ್ಟು, ಆಚೆಮನೆಯ ಅಕ್ಕನನ್ನು ಕೂಗಿ ಕರೆದು ತೋರಿಸಿದರು. "ನೋಡು, ನಮ್ಮ ಚೆಲುವಿ" ಎಂದರು. ನಮ್ಮ ಎಂಬ ಆ ಮಾತನ್ನು ಕೇಳಿ ನಾನು ಒಳಗೆ ಹೋಗಿ ಒಲೆಯ ಮುಂದೆ ಹೊಗೆ ಕಣ್ಣಿಗೆ ಹೋಯಿತೆಂದು ಹೇಳಿಕೊಂಡೆ.

ಅದರಿಂದ ಇನ್ನೊಂದು ಫಜೀತಿಯಾಯಿತು. ಊರಿನಲ್ಲಿ ಯಾರ ಕರುವಿಗೆ ನರಹುಲಿ ಆದರೂ ಕೊರಳಪಟ್ಟಿ ಬಿಚ್ಚಿ ಹೊಳೆಗೆ ಬಿಡತೊಡಗಿದರು. ಅಸ್ನೋಟಿಯಿಂದಲೂ ಬಂದರು. ಕೆಲವರು ಮಾವನ ಹತ್ತಿರ ಬಂದು ಪೂರ್ವಕ್ಕೆ ಮುಖ ಮಾಡಿ ಬಿಡಬೇಕೇ, ಪಶ್ಚಿಮಕ್ಕೇ ಎಂದು ಕೇಳಿದರು. ಮಾವ ಬಹಳ ಹೊತ್ತು ಹೆಬ್ಬೆರಳು ತಿಕ್ಕಿ, "ಕರು ಯಾವ ಬದಿ ನೋಡ್ತದೋ ಆ ಬದಿ" ಎಂದರು. ಅವರು ಹೋದ ಮೇಲೆ ನನಗೆ, "ಇನ್ನು ಈ ಹೊಳೆ ಕರು ಸಾಕೂದೊಂದು ಬಾಕಿ ನೋಡು ಬಾಯ, ಪಟ್ಟಿಯೆಲ್ಲ ಅದರ ಹತ್ರನೇ ಅದೆ" ಎಂದರು.

ಆ ಮೂವತ್ತರ ದಶಕ ಮುಗಿಯುತ್ತಿದ್ದ ಒಂದು ಆಷಾಢದಲ್ಲಿ ಮಾವ ಹೋದರು. ಕಾಯಿಲೆ ಕಸಾಲೆ ಏನಿಲ್ಲ. ಪೇಜ ಉಂಡು, ಕಂಬಕ್ಕೆ ಒರಗಿ, ಮಳೆ ನೋಡುತ್ತ ಕೂತವರು ಹಾಗೇ ಇದ್ದರು. ನಾನು ತಾಂಬೂಲದ ತಟ್ಟೆ ಇಡಲು ಹೋಗಿ ಕರೆದೆ. ಎರಡು ಕೈಗಳೂ ತೊಡೆಯ ಮೇಲೆ ಸುಮ್ಮನೆ ಇದ್ದವು. ಆ ದಿನ ನಾನು ಅತ್ತಷ್ಟು ನನ್ನ ಅಪ್ಪ ಹೋದಾಗಲೂ ಅಳಲಿಲ್ಲ.

ಹನ್ನೆರಡನೆಯ ದಿನದ ಕಾರ್ಯ ಮುಗಿದು ಕೆಲವು ದಿನಕ್ಕೆ ಚೆಲುವಿ ಈದಿತು. ಅಮ್ಮನ ಹಾಗೇ ಹಣೆಯಲ್ಲಿ ಬಿಳಿ ಚುಕ್ಕೆಯ ಹೆಣ್ಣುಕರು. ಸಂಜೆ ನೋಡಿದರೆ ಅತ್ತೆ ಜಗುಲಿಯಲ್ಲಿ, ಮಾವ ಕೂರುತ್ತಿದ್ದ ಅದೇ ಕಂಬದ ಹತ್ತಿರ ಕೂತು ಕಪ್ಪು ಉಣ್ಣೆ ಹೊಸೆಯುತ್ತಿದ್ದರು. ಪಕ್ಕದಲ್ಲಿ ಕವಡೆಗಳ ರಾಶಿ. ನಾನು ಹೋಗಿ ನಾರು ಬಿಡಿಸಿಕೊಡುತ್ತ ಕೂತೆ. ಆ ಹೊತ್ತಿಗೆ ನನಗೆ ಕೊಂಕಣಿ ನೀರು ಕುಡಿದ ಹಾಗೆ ಬರುತ್ತಿತ್ತು.

"ಇದು ಈ ಕರುವಿಗೆ ಮಾತ್ರ" ಎಂದರು ಅತ್ತೆ. "ಮುಂದಿನ ಕರುವಿಗೆ ಬೇರೆ ಮಾಡು. ಒಂದರದ್ದು ಇನ್ನೊಂದಕ್ಕೆ ಕಟ್ಟಬೇಡ. ಹತ್ತತದೆ."

ನನ್ನ ಕೈಯಲ್ಲಿದ್ದ ನಾರು ಹಾಗೇ ನಿಂತಿತು. "ಯಾರು ಹೇಳಿದ್ರು ಅತ್ತೆ?"

"ಯಾರು ಹೇಳಬೇಕು? ದವಾಖಾನೆಗೆ ಹೋದವ್ರು ಮನೆಗೆ ಬಂದು ಡಾಕ್ಟರ ಮಾತೇ ಎತ್ತಲಿಲ್ಲ, ತಾರಿಯ ಮುದುಕನ ಮಾತು ಹೇಳಿದ್ರು. ಅಷ್ಟು ಸಾಲದಾ ನಂಗೆ?" ಅತ್ತೆ ಒಂದು ಕವಡೆ ಎತ್ತಿ ದೀಪಕ್ಕೆ ಹಿಡಿದು ನೋಡಿದರು. "ಮತ್ತೆ ಆ ಹೆಬ್ಬೆಟ್ಟು. ನಿನ್ನ ಮಾವ ಜನ್ಮದಲ್ಲಿ ಯೋಚನೆ ಮಾಡಬೇಕಾದ್ರೆ ಅದನ್ನ ಮುಟ್ಟಿದವ್ರಲ್ಲ. ಸುಳ್ಳು ಹೇಳೂವಾಗ ಮಾತ್ರ ತಿಕ್ಕೂದು. ಮದುವೆ ಆದ ವಾರದೊಳಗೆ ನಂಗೆ ಗೊತ್ತಾಗಿತ್ತು. ಆ ದಿವಸ ನೋಡಿದ್ಯಲ್ಲ, ಚರ್ಮ ಸುಲಿದುಹೋಗೂ ಹಾಂಗೆ ತಿಕ್ತಾ ಇದ್ರು."

"ಗೊತ್ತಿದ್ದೂ ಬಿಟ್ರ್ಯಾ? ನಿಮ್ಮ ಅವ್ವಿಯ ಪಟ್ಟಿ?"

ಅತ್ತೆ ಸ್ವಲ್ಪ ಹೊತ್ತು ಉಣ್ಣೆ ಹೊಸೆದರು. "ನಿಂಗೂ ನಿಜ ಗೊತ್ತಿತ್ತಲ್ಲ. ನಾ ಕೇಳಿದಾಗ ನೀ ಹೌದು ಅಂದೆ. ಕರು ಹೋದ್ರೆ ನಿನ್ನ ಮಾನ ಹೋತಿತ್ತು, ಆದ್ರೂ ನನ್ನ ಅವ್ವಿಯ ಹೆಸ್ರು ಎತ್ತಲಿಲ್ಲ. ಅಷ್ಟು ಮಾಡಿದ ಹುಡುಗಿಗೆ ನಾ ಒಂದು ಪಟ್ಟಿ ಬಿಡಬಾರ್ದಾ?" ಎಂದರು. ಆಮೇಲೆ ಕಣ್ಣೊರೆಸಿಕೊಂಡು, "ಅವ್ರಿಗೆ ಮಾತ್ರ ಕಡೆವರೆಗೂ ಹೇಳ್ಲಿಲ್ಲ. ಹೆಂಡತಿಯನ್ನ ಏಮಾರಿಸಿದೆ ಹೇಳಿ ಎಷ್ಟು ಖುಷಿಯಲ್ಲಿದ್ರು, ಅದನ್ನ ಯಂತಕ್ಕೆ ಕೆಡಿಸೂದು?" ಎಂದು ನಕ್ಕರು.

ಪಟ್ಟಿ ಮುಗಿಯಿತು. ಕಟ್ಟು ಎಂದು ಅತ್ತೆ ಅದನ್ನು ನನ್ನ ಕೈಗೇ ಕೊಟ್ಟರು.

ಮಾವನ ಮನೆಯಲ್ಲಿ ಬದುಕು ಕಳೆದೆ, ಈಗ ನನ್ನದೂ ಕೊನೆಗಾಲ. ನಿನ್ನ ಮಾವ ನಿನಗೆ ಏನು ಕೊಟ್ಟರು ಎಂದು ಮೊಮ್ಮಕ್ಕಳು ಕೇಳುತ್ತಾರೆ. ಕರುವನ್ನು ಉಳಿಸಿಕೊಟ್ಟರು ಎಂದು ಮೊದಲೆಲ್ಲ ಹೇಳುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ನನಗೆ ನನ್ನ ಅತ್ತೆಯನ್ನು ಕೊಟ್ಟರು ಎನ್ನುತ್ತೇನೆ.